ತೂತಿಲ್ಲದ ಕಿವಿ

ಕಂತು ಏಳು

ಎಡಗಿವಿಯನ್ನು ಎರಡು ಬೆರಳಿನ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಸವರಿದೆ. ಮತ್ತೆ ತುದಿಯಿಂದ ಬುಡಕ್ಕೆ ಬಂದೆ. ಎತ್ತು ಕಿವಿ ಕೊಡವಿ ನನ್ನ ಕೈ ತಳ್ಳಿತು.

"ತೂತು ಸಿಕ್ತಾ ಸಾರ್?" ಎಂದು ಹಿಂದಿನಿಂದ ಸಬ್ ಇನ್ಸ್‌ಪೆಕ್ಟರ್ ಶರ್ವಾಣಿ ಕೇಳಿದರು.

ಠಾಣೆಯ ಹಿಂದಿನ ಹೊಂಗೆ ಮರಕ್ಕೆ ಕಟ್ಟಿದ್ದ ಆ ಎತ್ತಿನದೇ ಆರು ದಿನದಿಂದ ಸುತ್ತಲಿನ ಊರುಗಳಲ್ಲಿ ಮಾತು: ಮಠಕ್ಕೆ ಹರಕೆ ಬಿಟ್ಟದ್ದು, ಬಿಳಿಕಲ್ಲುಹಳ್ಳಿಯ ಓಂಕಾರಮೂರ್ತಿಯ ಕೊಟ್ಟಿಗೆಯಿಂದ ಹಾಡುಹಗಲೇ ಕಳುವಾದದ್ದು, ಇವತ್ತು ಬೆಳಿಗ್ಗೆ ಅಜ್ಜಂಪುರದ ಕಡೆಯ ಮೃತ್ಯುಂಜಯನೆಂಬ ರೈತನ ಮನೆಯಲ್ಲಿ ಸಿಕ್ಕಿದ್ದು. ಮೃತ್ಯುಂಜಯ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಕಡೂರಿನ ಕೋರ್ಟಿಗೆ ಒಯ್ಯುತ್ತಾರೆ, ಅಲ್ಲಿಂದ ಜೈಲಿಗೆ.

ಶರ್ವಾಣಿಯವರಿಗೆ ನನ್ನಿಂದ ಬೇಕಾದದ್ದು ಒಂದೇ ಮಾತು. ಪಶು ಇಲಾಖೆಯ ಫೋನ್ ದಾಖಲೆಯಲ್ಲಿ ಎಲ್ಲ ಇತ್ತು. ಅಮೃತಮಹಲ್ ತಳಿ, ಬೂದು ಬಣ್ಣ, ಬಲಗೊಂಬಿನ ತುದಿ ಒಳಕ್ಕೆ ಬಾಗಿದೆ, ಹಣೆಯಲ್ಲಿ ಜೋಡಿ ಸುಳಿ. ಅದರ ಕೆಳಗೆ ಕಿವಿಯೋಲೆಯ, ಅಂದರೆ ಕಿವಿಗೆ ಚುಚ್ಚುವ ಹಳದಿ ಬಿಲ್ಲೆಯ, ಹನ್ನೆರಡು ಅಂಕಿಯ ನಂಬರು, ಕೊನೆಯ ನಾಲ್ಕು ಅಂಕಿ 4471. ಹಾಕಿದ ಜಾಗ, ಎಡಗಿವಿ. ಎದುರಿಗಿದ್ದ ಎತ್ತಿಗೆ ಎಲ್ಲ ಹೊಂದುತ್ತಿತ್ತು, ಕಿವಿಯೋಲೆ ಮಾತ್ರ ಇರಲಿಲ್ಲ. ಕಳ್ಳ ಕತ್ತರಿಸಿ ಎಸೆದಿದ್ದಾನೆ ಅನ್ನುವುದು ಪೊಲೀಸರ ಲೆಕ್ಕ. ಕತ್ತರಿಸಿದರೂ ತೂತು ಎಲ್ಲಿ ಹೋಗುತ್ತದೆ? ತೂತು ಇದೆ ಎಂದು ನಾನು ಬರೆದುಕೊಟ್ಟರೆ ಮುಗಿಯಿತು.

ಆದರೆ ಆ ಕಿವಿಗೆ ಸೂಜಿ ಕೂಡ ತಾಗಿರಲಿಲ್ಲ. ಕಿವಿಯೋಲೆ ಹಾಕುವ ಇಕ್ಕಳ ಒಮ್ಮೆ ಕಚ್ಚಿದರೆ ಕಡಲೆಕಾಳಿನಷ್ಟು ತೂತು ಸಾಯುವವರೆಗೆ ಉಳಿಯುತ್ತದೆ, ಅಂಚು ಗಟ್ಟಿಯಾಗಿ ಬೆರಳಿಗೆ ತಗಲುತ್ತದೆ. ನನಗೆ ತಗಲಿದ್ದು ಬರೀ ಬೆಚ್ಚನೆಯ ಚರ್ಮ.

"ಬಿಸಿಲು ಕಣ್ಣಿಗೆ ಹೊಡೀತಿದೆ ಮೇಡಂ, ಸಾಯಂಕಾಲ ಹೇಳ್ತೀನಿ" ಅಂದೆ. ಮರದಡಿ ದಟ್ಟ ನೆರಳಿತ್ತು. ಅವರು ಒಮ್ಮೆ ಮರ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

ನನ್ನ ಬಗ್ಗೆ ಹೇಳಿಬಿಡುತ್ತೇನೆ. ನಾನು ಅನಂತಪದ್ಮನಾಭ, ಬಿಳಿಕಲ್ಲುಹಳ್ಳಿಯ ಪಶು ಆಸ್ಪತ್ರೆಯ ಪರೀಕ್ಷಕ. ಮೂವತ್ತೊಂದು ವರ್ಷದಿಂದ ಜನ ಡಾಕ್ಟ್ರೇ ಅನ್ನುತ್ತಾರೆ. ನಾನು ಡಾಕ್ಟರಲ್ಲ, ಆದರೂ ತಿದ್ದಿಲ್ಲ. ತಿದ್ದದೆ ಬಿಟ್ಟ ಸಂಗತಿಗಳಲ್ಲಿ ಅದು ಬಹಳ ಚಿಕ್ಕದು. ಕಳುವಾದ ದನ ಸಿಕ್ಕಿದಾಗ ಗುರುತು ಹಿಡಿಯಲು ಪೊಲೀಸರು ನನ್ನನ್ನೇ ಕರೆಯುತ್ತಾರೆ. ಸುಳಿ, ಕೊಂಬು, ಬರೆ, ಮೂಗಿನ ಅಚ್ಚು ನೋಡಿ ನಾಲ್ಕು ವರ್ಷದಲ್ಲಿ ಹನ್ನೊಂದು ದನಗಳನ್ನು ಅವುಗಳ ಮನೆ ಸೇರಿಸಿದ್ದೇನೆ. ಆ ಹೆಮ್ಮೆಯಲ್ಲಿ ಎದೆ ಉಬ್ಬಿಸಿ ಓಡಾಡಿದ್ದೂ ಉಂಟು.

ದಾಖಲೆಯ ಕೊನೆಯಲ್ಲಿ ಒಂದು ಸಾಲಿತ್ತು. ನಮೂದಿಸಿದವರು: ಅನಂತಪದ್ಮನಾಭ.

* * *

ಲಾಕಪ್ಪಿನ ಸರಳಿನಾಚೆ ಮೃತ್ಯುಂಜಯ ಗೋಡೆಗೆ ಒರಗಿ ಕೂತಿದ್ದ. ಮೂವತ್ತೈದರ ಆಸುಪಾಸು, ಗಟ್ಟಿ ಆಳು, ಕಾಲಲ್ಲಿ ಇನ್ನೂ ಗದ್ದೆಯ ಮಣ್ಣು. ಬೆಳಿಗ್ಗೆಯಿಂದ ಹೇಳಿದ್ದನ್ನೇ ನನಗೂ ಹೇಳಿದ. ಯುಗಾದಿ ಕಳೆದ ಮರುವಾರ ಓಂಕಾರಮೂರ್ತಿಯ ಕೈಯಿಂದಲೇ ಕೊಂಡದ್ದು, ಕಾಗದ ಪತ್ರ ಏನೂ ಇಲ್ಲ, ಹಳ್ಳಿಯಲ್ಲಿ ಎತ್ತು ಕೊಳ್ಳುವಾಗ ಯಾರು ಕಾಗದ ಬರೆಸುತ್ತಾರೆ? ಓಂಕಾರಮೂರ್ತಿ ಮಾತ್ರ ಎತ್ತು ಮಾರೇ ಇಲ್ಲವೆಂದು ಹೇಳಿಕೆ ಕೊಟ್ಟಾಗಿತ್ತು.

"ಕಿವೀಲಿ ಹಳದಿ ಬಿಲ್ಲೆ ಇತ್ತಾ?" ಎಂದು ಕೇಳಿದೆ.

"ಇರ್ಲಿಲ್ಲ ಸಾರ್. ನಾನು ಹೊಸ ಹಗ್ಗ ಒಯ್ದಿದ್ದೆ, ಅದನ್ನ ಹಾಕ್ಕಂಡು ಹೊಡ್ಕಂಡ್ ಬಂದೆ. ಅವರ ಹಗ್ಗ ಅವರು ಬಿಚ್ಕಂಡ್ರು."

ಹಗ್ಗ ಅಂದದ್ದೇ ತಡ, ಬಿಲ್ಲೆ ಈಗ ಎಲ್ಲಿರಬಹುದೆಂದು ನನಗೆ ಹೊಳೆಯಿತು.

ಬೇರೇನಾದರೂ ಹೇಳುವುದಿದೆಯಾ ಎಂದು ಕೇಳಿದೆ. ಅವನು ನೆಲ ನೋಡಿದ. ಹೆದರಿದ್ದಾನೆ ಅಂದುಕೊಂಡೆ. ನನಗೆ ನನ್ನದೇ ದೊಡ್ಡದಾಗಿತ್ತು.

* * *

ಎರಡು ವರ್ಷದ ಹಿಂದಿನ ಮಾತು. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಪ್ರತಿ ದನಕ್ಕೂ ಕಿವಿಯೋಲೆ ಹಾಕಿ ಫೋನಿಗೆ ಏರಿಸಬೇಕೆಂದು ಆಜ್ಞೆ. ಇಕ್ಕಳ ಹಿಡಿದು ಓಂಕಾರಮೂರ್ತಿಯ ಕೊಟ್ಟಿಗೆಗೆ ಹೋದಾಗ ಅವರ ಹೆಂಡತಿ ಸಾವಿತ್ರಮ್ಮ ಅಡ್ಡ ಬಂದು ಕೈ ಮುಗಿದರು. ಮಗಳು ಅಶ್ವಿನಿ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಇದ್ದಾಗ ಹೊತ್ತ ಹರಕೆಯ ಹೋರಿಯಂತೆ. ಬಾಯಿ ಕೂಡಿದ ಮೇಲೆ, ಅಂದರೆ ಹಲ್ಲೆಲ್ಲ ಬಂದ ಮೇಲೆ, ಮಠಕ್ಕೆ ಒಪ್ಪಿಸಬೇಕು. ದೇವರಿಗೆ ಕೊಡುವ ಜೀವದ ಮೈಮೇಲೆ ಗಾಯ ಇರಬಾರದು.

ನಾನು ಬಿಲ್ಲೆಯನ್ನು ತಂತಿಯಲ್ಲಿ ಪೋಣಿಸಿ ಕೊರಳ ಹಗ್ಗಕ್ಕೆ ಕಟ್ಟಿಕೊಟ್ಟೆ. ಆಯಮ್ಮನ ಕಣ್ಣಲ್ಲಿ ನೀರು ಬಂತು. ದೊಡ್ಡ ಮನುಷ್ಯನಾದೆ ಅನ್ನಿಸಿತು.

ಅಲ್ಲಿಗೇ ನಿಂತಿದ್ದರೆ ಇವತ್ತು ಇಷ್ಟು ನಾಚಿಕೆ ಇರುತ್ತಿರಲಿಲ್ಲ. ಪಕ್ಕದ ಮನೆಯ ತೀರ್ಥಮ್ಮ ನಮ್ಮ ಹಸೂಗೂ ಹಂಗೇ ಕಟ್ಟಿಬಿಡಿ, ಪಾಪ ನೋವಾಗುತ್ತೆ ಅಂದರು. ಅವರ ಆಚೆಯವರೂ ಅದನ್ನೇ ಅಂದರು. ಒದೆಯುವ ದನದ ಕಿವಿ ಹಿಡಿದು ಇಕ್ಕಳ ಒತ್ತುವುದಕ್ಕಿಂತ ಹಗ್ಗಕ್ಕೆ ಕಟ್ಟುವುದು ಸುಲಭ. ಸಂಜೆಯೊಳಗೆ ಆ ಬೀದಿಯ ಇಪ್ಪತ್ತೇಳು ದನಗಳು ಮುಗಿದವು. ಫೋನಿನಲ್ಲಿ ಹಗ್ಗ ಅಂತ ಬರೆಯಲು ಜಾಗವೇ ಇರಲಿಲ್ಲ. ಇಪ್ಪತ್ತೇಳಕ್ಕೂ ಎಡಗಿವಿ ಅಂತ ಒತ್ತಿದೆ. ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದವನೆಂದು ಸಭೆಯಲ್ಲಿ ಶಾಲು ಹೊದಿಸಿದರು. ತಲೆ ಬಗ್ಗಿಸಿ ಹೊದಿಸಿಕೊಂಡೆ.

ನಮ್ಮ ಕಡೆ ದನ ಮಾರುವಾಗ ಹಗ್ಗ ಕೊಡುವುದಿಲ್ಲ. ಕೊಳ್ಳುವವನು ಹೊಸ ಹಗ್ಗ ತರಬೇಕು. ಹಳೇ ಹಗ್ಗ ಮಾರಿದವನ ಕೊಟ್ಟಿಗೆಯಲ್ಲೇ ಉಳಿಯಬೇಕು, ಇಲ್ಲದಿದ್ದರೆ ಅದರ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳಂತೆ. ಇದು ಕಡೂರು, ತರೀಕೆರೆ ಸೀಮೆಯ ಚಿಕ್ಕ ಮಗುವಿಗೂ ಗೊತ್ತು. ಮೂವತ್ತೊಂದು ವರ್ಷ ದನಗಳ ನಡುವೆ ಓಡಾಡಿದ ನನಗೂ ಗೊತ್ತಿತ್ತು. ಹಗ್ಗಕ್ಕೆ ಬಿಲ್ಲೆ ಕಟ್ಟುವಾಗ ಮಾತ್ರ ಅದು ತಲೆಗೆ ಹೊಳೆಯಲಿಲ್ಲ. ನಾನು ನಂಬರು ಕೊಟ್ಟದ್ದು ದನಕ್ಕಲ್ಲ, ಹಗ್ಗಕ್ಕೆ.

ಈಗ ಲೆಕ್ಕ ಸರಿಹೋಯಿತು. ಓಂಕಾರಮೂರ್ತಿ ಯುಗಾದಿಯ ನಂತರ ಹರಕೆಯ ಎತ್ತನ್ನು ಮಾರಿದ್ದಾನೆ. ಆಮೇಲೂ ಆ ಕೊಟ್ಟಿಗೆಯಲ್ಲಿ ಎತ್ತು ಇದ್ದದ್ದನ್ನು ಊರೇ ನೋಡಿದೆ, ಅಂದರೆ ಅದೇ ಬಣ್ಣದ ಇನ್ನೊಂದು ಎತ್ತು ತಂದು ಹಳೇ ಹಗ್ಗಕ್ಕೆ ಕಟ್ಟಿದ್ದಾನೆ. ನನ್ನ ಬಿಲ್ಲೆ ಹೊಸ ಎತ್ತಿನ ಕೊರಳಿಗೆ ಬಂದಿದೆ. ಆರು ದಿನದ ಹಿಂದೆ ಕಳುವಾದದ್ದು ಆ ಹೊಸ ಎತ್ತು. ಪೊಲೀಸರು ನನ್ನ ದಾಖಲೆಯ ಗುರುತು ಹಿಡಿದು ಹುಡುಕಿ ತಂದದ್ದು ಹಳೇ ಎತ್ತು. ಮೃತ್ಯುಂಜಯ ತಾನು ಕೊಂಡ ಎತ್ತನ್ನೇ ಕದ್ದ ಆರೋಪದಲ್ಲಿ ಒಳಗೆ ಕೂತಿದ್ದಾನೆ.

ಇದನ್ನು ಹೇಳಬಲ್ಲದ್ದು ಆ ಕಿವಿ ಒಂದೇ. ಕಿವಿ ಬಾಯಿಬಿಟ್ಟರೆ ಮೊದಲು ಹೇಳುವುದು ನನ್ನ ಹೆಸರನ್ನು.

* * *

ಓಂಕಾರಮೂರ್ತಿ ತಾನಾಗಿಯೇ ಒಪ್ಪಿಕೊಂಡರೆ ನನ್ನ ಹೆಸರು ಬರುವುದಿಲ್ಲ. ಸ್ಕೂಟರ್ ಹತ್ತಿ ಬಿಳಿಕಲ್ಲುಹಳ್ಳಿಗೆ ಹೊರಟದ್ದು ಈ ಆಸೆಯಿಂದ. ನ್ಯಾಯಕ್ಕಾಗಿ ಹೋದೆ ಎಂದು ಹೇಳಿದರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

ಮೂರ್ತಿ ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು. ಹಣೆ ತುಂಬ ವಿಭೂತಿ, ಒಗೆದ ಬಿಳಿ ಪಂಚೆ. ಮಠದ ಸಮಿತಿಯಲ್ಲಿ ಹನ್ನೆರಡು ವರ್ಷದಿಂದ ಇರುವವರು, ಊರಲ್ಲಿ ಅವರ ಮಾತಿಗೆ ತೂಕ ಇತ್ತು. ಬನ್ನಿ ಡಾಕ್ಟ್ರೇ ಅಂದು ಒಳಗೆ ಕಾಫಿಗೆ ಹೇಳಿದರು. ಕೊಟ್ಟಿಗೆ ಒಮ್ಮೆ ನೋಡಬೇಕು ಅಂದೆ. ಪೊಲೀಸರು ನೋಡಿಯಾಗಿದೆಯಲ್ಲ ಅನ್ನುತ್ತ ಎದ್ದು ಬಂದರು.

ಪೊಲೀಸರು ನೋಡಿದ್ದರು ನಿಜ, ಆದರೆ ಅವರು ಹುಡುಕಿದ್ದು ಎತ್ತಿನ ಹೆಜ್ಜೆ, ಗಾಡಿಯ ಗಾಲಿಯ ಗುರುತು. ನಾನು ನೇರ ಗೋಡೆಯ ಗೂಟದ ಕಡೆ ಹೋದೆ. ಸಾವಿತ್ರಮ್ಮ ಪೊರಕೆ ಹಿಡಿದು ಅದರ ಮುಂದೆಯೇ ನಿಂತಿದ್ದರು. ನಾನು ಹತ್ತಿರ ಹೋದರೂ ಸರಿಯಲಿಲ್ಲ. ಗಂಡ ಗದರಿದ ಮೇಲೆ ಸರಿದರು.

ಗೂಟದಲ್ಲಿ ಎರಡು ಮೂರು ಸುತ್ತು ಸುತ್ತಿ ಗಂಟು ಹಾಕಿದ ಹಗ್ಗ ನೇತಾಡುತ್ತಿತ್ತು. ಸುತ್ತಿನೊಳಗಿಂದ ಹಳದಿ ಅಂಚು ಕಾಣುತ್ತಿತ್ತು. ಎಳೆದು ನೋಡಿದೆ. 4471.

ಒಂದು ಕ್ಷಣ ನನ್ನದೆಲ್ಲ ಮರೆತುಹೋಯಿತು. ಕಳ್ಳನಾದವನು ಹಗ್ಗ ಹಿಡಿದು ಎಳೆದುಕೊಂಡು ಓಡುತ್ತಾನೆ. ಹಗ್ಗ ಬಿಚ್ಚಿ, ನೀಟಾಗಿ ಸುತ್ತಿ, ಗೂಟಕ್ಕೆ ನೇತುಹಾಕಿ ಹೋಗುವುದಿಲ್ಲ. ಈ ಮನೆಯವರೇ ಯಾರೋ ತಮ್ಮ ಕೈಯಾರೆ, ಪದ್ಧತಿ ಬಿಡದೆ, ಹಗ್ಗ ಉಳಿಸಿಕೊಂಡು ಎತ್ತು ಕೊಟ್ಟು ಕಳಿಸಿದಂತಿತ್ತು. ಮೂರ್ತಿಯವರ ಮುಖ ನೋಡಿದೆ. ಆ ಹಗ್ಗ ಅಲ್ಲಿರುವುದು ಅವರಿಗೂ ಗೊತ್ತಿರಲಿಲ್ಲವೆಂದು ಆ ಮುಖವೇ ಹೇಳುತ್ತಿತ್ತು.

ಸಾವಿತ್ರಮ್ಮನ ಕಡೆ ತಿರುಗಿ ಕೇಳಬೇಕಾಗಿತ್ತು. ಕೇಳಲಿಲ್ಲ. ನನ್ನ ಮೈಮೇಲೇ ಇಷ್ಟು ಕೆಸರು ಮೆತ್ತಿಕೊಂಡಿರುವಾಗ ಆ ಹೆಂಗಸಿನ ಮುಖ ನೋಡಿ ಪ್ರಶ್ನೆ ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

"ಹಳೇ ಎತ್ತು ನೀವು ಮಾರಿದ್ದೀರಿ, ಮೂರ್ತಿಯವರೇ" ಅಂದೆ.

"ಯಾರ್ ಹೇಳಿದ್ದು? ಆ ಕಳ್ಳನಾ?"

"ಎತ್ತಿನ ಕಿವೀಲಿ ತೂತಿಲ್ಲ. ಬಿಲ್ಲೆ ಇಲ್ಲೇ ಇದೆ."

ಅವರು ನನ್ನ ಕೈಯಲ್ಲಿದ್ದ ಬಿಲ್ಲೆಯನ್ನು ತಂತಿ ಸಮೇತ ಹಗ್ಗದಿಂದ ಕಿತ್ತುಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಹೋಗಿ ಹೇಳಿ. ತೂತಿಲ್ಲ ಅಂತ್ಲೇ ಹೇಳಿ. ಆಮ್ಯಾಕೆ ಅವರು ಏನ್ ಕೇಳ್ತಾರೆ ಗೊತ್ತಾ? ಎಡಗಿವಿ ಅಂತ ಬರೆದೋನು ಯಾವನು ಅಂತಾರೆ. ಈ ಬೀದೀಲಿ ಇನ್ನೂ ಎಷ್ಟು ಹಗ್ಗ ಐತೆ ಡಾಕ್ಟ್ರೇ? ಎಲ್ಲಾ ತೋರಿಸ್ಲಾ?"

ನಾನು ಕೈಯಲ್ಲಿದ್ದ ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತಿದೆ.

"ರಿಟೈರ್ ಆಗಕ್ಕೆ ಎಷ್ಟು ತಿಂಗ್ಳೈತೆ?"

"ಎಂಟು."

"ಎಂಟ್ ತಿಂಗ್ಳು ಬಾಯ್ ಮುಚ್ಕಂಡಿರಕ್ಕೆ ಆಗಲ್ವಾ?"

ಇಷ್ಟು ಜೋರಾಗಿ ಹೇಳಿದವರು ಆಮೇಲೆ ತಾವಾಗಿಯೇ ಎಲ್ಲ ಹೇಳಿಕೊಂಡರು. ಹೆಂಡತಿ ತರೀಕೆರೆಯ ಅಕ್ಕನ ಮನೆಗೆ ಹೋಗಿದ್ದಾಗ ಒಳ್ಳೆ ಗಿರಾಕಿ ಸಿಕ್ಕಿತಂತೆ, ಆಸೆಗೆ ಬಿದ್ದರಂತೆ. ಹದಿನೈದು ದಿನದಲ್ಲಿ ಅಂಥದ್ದೇ ಇನ್ನೊಂದು ಹುಡುಕಿ ತಂದರಂತೆ. ಮಠಕ್ಕೆ ಒಪ್ಪಿಸುವ ದಿನ ಹತ್ತಿರ ಬಂದಾಗ ಅದೇ ಕಳುವಾಯಿತು. ಊರವರೇ ಪೊಲೀಸರಿಗೆ ಫೋನು ಮಾಡಿದರು, ಇವರು ಸಹಿ ಹಾಕದೆ ಬೇರೆ ದಾರಿ ಇರಲಿಲ್ಲ. ಹಳೇ ಎತ್ತು ಸಿಕ್ಕಿದೆ ಎಂದು ಠಾಣೆಯಿಂದ ಕರೆ ಬಂದಾಗ ಮಾರಿದ್ದೆ ಅನ್ನುವ ಮಾತು ಬಾಯಿಂದ ಹೊರಡಲಿಲ್ಲ.

"ಮಠದ ಸಮಿತೀಲಿ ಕುಂತಿರೋನು ಕಣ್ರೀ ನಾನು. ಹರಕೆ ಎತ್ತು ಮಾರ್ಕಂಡ ಅಂದ್ರೆ ಯಾವ ಮುಖ ಇಟ್ಕಂಡು ಅಲ್ಲಿಗೆ ಹೋಗ್ಲಿ?"

ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾವಿಬ್ಬರೂ ಒಂದೇ ತಪ್ಪಲೆಯಲ್ಲಿ ಬೆಂದವರು. ಇಬ್ಬರ ಮಾನ ಉಳಿಸಲು ಮೂರನೆಯವನೊಬ್ಬ ಜೈಲಿಗೆ ಹೋಗಬೇಕಾಗಿತ್ತು, ಅಷ್ಟೇ.

ಹೊರಟಾಗ ಸಾವಿತ್ರಮ್ಮ ಬಾಗಿಲವರೆಗೆ ಬಂದರು.

"ಆ ಹುಡ್ಗನ್ನ ನಾಳೆ ಕಡೂರಿಗೆ ಕರ್ಕಂಡ್ ಹೋಗ್ತಾರಾ ಡಾಕ್ಟ್ರೇ?"

ಯಾರೂ ಬಾಯಿ ಬಿಡದಿದ್ದರೆ ಹೋಗುತ್ತಾರೆ ಅಂದೆ. ಆಯಮ್ಮ ಒದ್ದೆಯಿಲ್ಲದ ಕೈಯನ್ನು ಸೆರಗಿನಲ್ಲಿ ಒರೆಸುತ್ತಲೇ ನಿಂತರು.

* * *

ಠಾಣೆ ಮುಟ್ಟುವಾಗ ಐದೂವರೆ. ದಾರಿಯುದ್ದಕ್ಕೂ ಒಂದೊಂದು ಉಪಾಯ ಹುಡುಕಿದೆ. ತೂತು ಮುಚ್ಚಿಕೊಂಡಿರಬಹುದು ಅಂತ ಬರೆದರೆ? ಮೂವತ್ತೊಂದು ವರ್ಷದ ಅನುಭವಿ ಹೇಳಿದ ಮೇಲೆ ಯಾರು ಪ್ರಶ್ನೆ ಮಾಡುತ್ತಾರೆ? ಯಾರೂ ಮಾಡುವುದಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಮೃತ್ಯುಂಜಯನ ಹೆಂಡತಿ, ನಯನ ಅಂತ ಹೆಸರು ಹೇಳಿದಳು.

"ದನ ಗುರ್ತಿಸೋದ್ರಲ್ಲಿ ನೀವು ತಪ್ಪೋದೇ ಇಲ್ಲ ಅಂತ ಎಲ್ರೂ ಹೇಳ್ತಾರೆ ಸಾರ್. ನೀವು ಬಂದಿದೀರ ಅಂದ್ಮೇಲೆ ನಮ್ಮನೆಯೋರು ಸಂಜೆಗೆ ಮನೆಗೆ ಬತ್ತಾರೆ ಅಲ್ವಾ?"

ಯಾರಾದರೂ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನೇರ ಒಳಗೆ ಹೋಗಿ ಶರ್ವಾಣಿಯವರ ಎದುರು ನಿಂತೆ. ಕೂರಿ ಅಂದರು. ಕೂತರೆ ಹೇಳಲಾಗುವುದಿಲ್ಲವೆಂದು ನಿಂತೇ ಹೇಳಿದೆ. ಹಗ್ಗ, ಬಿಲ್ಲೆ, ಎಡಗಿವಿ, ಎರಡು ಎತ್ತು, ಮೂರ್ತಿಯವರು ಒಪ್ಪಿಕೊಂಡದ್ದು, ಎಲ್ಲ ಹೇಳಿದೆ. ಶಾಲಿನ ಸಂಗತಿಯನ್ನೂ ಹೇಳಿದೆ, ಅದನ್ನು ಅವರು ಕೇಳಿರಲಿಲ್ಲ.

ನನ್ನ ಮಗಳಷ್ಟು ವಯಸ್ಸಿನವರು. ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟರು.

"ಮಧ್ಯಾಹ್ನ ಬಿಸಿಲು ಅಂದ್ರಲ್ಲ, ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಇನ್ನೂ ಎಷ್ಟಿವೆ ಇಂಥವು?"

"ಇದೂ ಸೇರಿ ಇಪ್ಪತ್ತೇಳು."

"ನೀವು ಗುರುತು ಹಿಡಿದುಕೊಟ್ಟ ಆ ಹನ್ನೊಂದು ಕೇಸು?"

ಅವೆಲ್ಲ ಸರಿಯಾಗಿದ್ದವು ಎಂದು ಹೇಳಲು ಬಾಯಿ ತೆರೆದೆ. ಇನ್ನು ಮೇಲೆ ಯಾವ ವಕೀಲನೂ ನನ್ನ ಆ ಮಾತನ್ನು ನಂಬಬೇಕಾಗಿಲ್ಲವೆಂದು ಹೊಳೆದು ಬಾಯಿ ಮುಚ್ಚಿದೆ. ಶರ್ವಾಣಿ ಬಿಳಿ ಹಾಳೆ ಮುಂದಿಟ್ಟರು. ಬರೆದುಕೊಡಿ ಅಂದರು. ಸಾರ್ ಅನ್ನಲಿಲ್ಲ.

ಎರಡು ಪುಟ ಬರೆದೆ. ನಿವೃತ್ತಿಯ ದಿನ ಮಾಲೆ ಹಾಕಿಸಿಕೊಂಡು ಮನೆಗೆ ಹೋಗುವವನೆಂದು ನಂಬಿದ್ದ ಮನುಷ್ಯ ಎರಡು ಪುಟದಲ್ಲಿ ಮುಗಿದುಹೋದ. ಒಂದು ಅಕ್ಷರವನ್ನೂ ಹೊಡೆದುಹಾಕದೆ ಸಹಿ ಹಾಕಿದೆ. ಅದೊಂದೇ ಸಮಾಧಾನ.

ಮೃತ್ಯುಂಜಯನನ್ನು ಹೊರಗೆ ಕರೆಸಿದರು. ಅವನ ಎದುರೇ ಶರ್ವಾಣಿ ನನ್ನ ಹೇಳಿಕೆಯನ್ನು ಓದಿದರು. ಈ ಎತ್ತು ಕಳುವಿನದಲ್ಲ ಎಂದು ಇದರಿಂದ ತಿಳಿಯುತ್ತದೆ, ನಿನ್ನನ್ನು ಇಟ್ಟುಕೊಳ್ಳಲು ನಮಗೆ ಕಾರಣ ಉಳಿಯುವುದಿಲ್ಲ ಅಂದರು. ಬಾಗಿಲಲ್ಲಿ ನಿಂತಿದ್ದ ನಯನ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

ಮೃತ್ಯುಂಜಯನ ಮುಖ ಮಾತ್ರ ಅರಳಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ.

"ಇಷ್ಟೆಲ್ಲ ಬರ್ಕೊಟ್ರೆ ನಿಮ್ಮ ಕೆಲಸ ಹೋಗಲ್ವಾ ಸಾರ್?"

ಹೋಗುತ್ತದೆ ಅಂದೆ.

"ಸಹಿನೂ ಹಾಕ್ಬಿಟ್ರಾ?"

"ಹಾಕಿದೆ."

ಅವನು ತಲೆ ತಗ್ಗಿಸಿದ. ಮಧ್ಯಾಹ್ನ ಲಾಕಪ್ಪಿನಲ್ಲಿ ನೆಲ ನೋಡಿದವನು ಹೆದರಿಯೇ ನೋಡಿದ್ದಲ್ಲವೆಂದು ನನಗೆ ಆಗ ಅರ್ಥವಾಯಿತು. ಒಂದು ಕಡೆ ಹೇಳಿಬಿಡುವ ಆಸೆ, ಇನ್ನೊಂದು ಕಡೆ ಹೇಳಲಾರದ ನಾಚಿಕೆ. ಆ ಮುಖ ಇಡೀ ದಿನ ನನ್ನದೇ ಆಗಿತ್ತು.

"ಈ ಎತ್ತು ನಾನು ಕೊಂಡಿದ್ದು, ಅದ್ರಲ್ಲಿ ಸುಳ್ಳಿಲ್ಲ" ಅಂದ. "ಇನ್ನೊಂದು ಐತಲ್ಲ, ಅವರ ಕೊಟ್ಟಿಗೆಯಿಂದ ಹೋಗಿದ್ದು. ಅದರ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನ ಹೊಡ್ಕಂಡ್ ಹೋಗಿದ್ದೂ ನಾನೇ ಮೇಡಂ."

ನಯನಳ ಅಳು ನಿಂತಿತು. ನನ್ನ ಎರಡು ಪುಟ ಶರ್ವಾಣಿಯವರ ಕೈಯಲ್ಲೇ ಇತ್ತು. ಅವರು ಅದನ್ನು ಮೇಜಿನ ಮೇಲಿಟ್ಟು, ಎತ್ತು ಈಗ ಎಲ್ಲಿದೆ ಎಂದು ಕೇಳಿದರು. ಉತ್ತರ ಬರಲಿಲ್ಲ. ಜೊತೆಗೆ ಯಾರಿದ್ದರು ಎಂದು ಕೇಳಿದರು. ಅದಕ್ಕೂ ಬರಲಿಲ್ಲ. ಮೂರನೆಯ ಸಲ ದನಿ ಏರಿಸಿದರು.

"ಅವನ್ನ ಕೇಳ್ಬೇಡಿ."

ನಾವೆಲ್ಲ ತಿರುಗಿದೆವು. ನಯನಳ ಹಿಂದೆ ಸಾವಿತ್ರಮ್ಮ ನಿಂತಿದ್ದರು. ಸಂಜೆಯ ಬಸ್ಸು ಹಿಡಿದು ಒಬ್ಬರೇ ಬಂದಿದ್ದರು. ಮನೆಯಲ್ಲಿ ಉಟ್ಟಿದ್ದ ಅದೇ ಹಳೇ ಸೀರೆ, ಬರಿಗಾಲು.

"ನಂಗೆ ಮಾತು ಕೊಟ್ಟವ್ನೆ, ಸತ್ರೂ ಬಾಯಿ ಬಿಡಲ್ಲ. ಹರಕೆದಲ್ಲದ ಎತ್ತು ಮಠಕ್ಕೆ ಹೋಗಬಾರ್ದು ಅಂತ ಹೊಡ್ಕಂಡ್ ಹೋಗು ಅಂದಿದ್ದು ನಾನು. ಎತ್ತು ಎಲ್ಲೈತೆ ಅನ್ನೋದೂ ನಂಗೊತ್ತು."

ಶರ್ವಾಣಿ ಕುರ್ಚಿ ತೋರಿಸಿದರು. ಸಾವಿತ್ರಮ್ಮ ಕೂರಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಥಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿದರು.

"ಎಲ್ಲಾ ಹೇಳ್ತೀನಿ ಮೇಡಂ. ಮೊದ್ಲು ಡಾಕ್ಟ್ರನ್ನ ಹೊರಗೆ ಕಳ್ಸಿ. ಅದನ್ನ ಯಾರ ಮನೇಲಿ ಕಟ್ಟೀವಿ ಅಂತ ಅವರ ಮುಂದೆ ಹೇಳಕ್ಕೆ ನಂಗೆ ಮುಖ ಇಲ್ಲ."